ಇಟ್ಟವಳು, ಕೊಟ್ಟವಳು

ಆ ಬೆಳಿಗ್ಗೆ ತಾಪ್ತಿಯ ಮೇಲೆ ಕವಿದ ಮಂಜು ಹೊತ್ತು ಏರಿದರೂ ಕರಗಿರಲಿಲ್ಲ. ಆಚೆ ದಡ ಕಾಣುತ್ತಿರಲಿಲ್ಲ, ಈಚೆ ದಡವೂ ಅರ್ಧವೇ ಕಾಣುತ್ತಿತ್ತು. ಬುರ್ಹಾನ್‌ಪುರದ ಕೋಟೆ ಇರಬೇಕಾದ ಕಡೆ ಬರೀ ಬಿಳುಪು. ತೋಟದ ಬೇವಿನ ಮರಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಮಳೆಯಲ್ಲ, ಮಂಜೇ ಎಲೆಯ ಮೇಲೆ ಕೂತು ಭಾರವಾಗಿ ಉದುರುತ್ತಿತ್ತು. ನಾನು ಗೋರಿಯ ಸುತ್ತ ಕಸ ಗುಡಿಸುತ್ತಿದ್ದೆ. ಬೆರಳುಗಳು ನೀಲಿಗಟ್ಟಿದ್ದವು, ಚಳಿ ಇದ್ದಿರಬೇಕು. ಆ ವರ್ಷ ನನಗೆ ಚಳಿಯೂ ಅಷ್ಟೆ, ಬಿಸಿಲೂ ಅಷ್ಟೆ. ರೊಟ್ಟಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ತಿಂದು ಮುಗಿಸಿದ ಮೇಲೂ ಹೇಳಲಾಗುತ್ತಿರಲಿಲ್ಲ.

ಮಂಜಿನೊಳಗಿಂದ ಎತ್ತಿನ ಗಂಟೆ ಕೇಳಿಸಿತು. ಮೊದಲು ಒಂದು, ಆಮೇಲೆ ಹಲವು. ಯಾರೋ ನೀರಿಗಿಳಿದ ಎತ್ತುಗಳನ್ನು ಗದರಿಸುತ್ತಿದ್ದರು.

"ಬಂದ್ರು ಕಣೋ ಬುಂದೂ," ಅಂದರು ಹಾಫಿಜ್ ಸಾಹೇಬರು. ಬಾಯಲ್ಲಿ ಹಲ್ಲಿಲ್ಲದ ಮುದುಕರು. ಆ ಗೋರಿಯ ಪಕ್ಕ ದಿನವೂ ಕೂತು ಕುರಾನ್ ಓದುವುದಕ್ಕೆಂದು ನೇಮಿಸಲ್ಪಟ್ಟವರು. "ರಜಬ್ ತಿಂಗಳು ಮುಗಿಯೋಕೆ ಇನ್ನು ಮೂರೇ ದಿನ. ಇವರು ಎಲ್ಲಿ ಬರ್ತಾರೆ ಅಂತ ನಾನೂ ಅಂದ್ಕೊಂಡಿದ್ದೆ. ನೋಡು, ಬಂದೇಬಿಟ್ರು."

ನಾನೂ ಹಾಗೇ ಅಂದುಕೊಂಡಿದ್ದೆ. ಸುಳ್ಳೇಕೆ ಹೇಳಲಿ, ಬರಲಾರರು ಎಂದಲ್ಲ, ಬರಬಾರದು ಎಂದು ಅಂದುಕೊಂಡಿದ್ದೆ.

ಹನ್ನೊಂದು ತಿಂಗಳ ಹಿಂದೆ, ಶಾಬಾನ್ ತಿಂಗಳ ಕೊನೆಯ ದಿನ, ದಕ್ಷಿಣದ ಯುದ್ಧಕ್ಕೆ ಹೊರಟಿದ್ದ ಸರದಾರರೊಬ್ಬರ ಹೆಂಡತಿ ನಮ್ಮೂರ ಬಯಲಿನ ಡೇರೆಯಲ್ಲಿ ತೀರಿಕೊಂಡಳು. ಆ ವರ್ಷ ದಂಡಿನಲ್ಲೂ ಊರಿನಲ್ಲೂ ಜ್ವರ. ಆ ಹೆಣ್ಣುಮಗಳ ತಾಯಿ ಆಗ್ರಾದವರು, ದೊಡ್ಡ ಮನೆತನದ ಬೇಗಂ. ತಾವು ಬದುಕಿರುವಾಗಲೇ ಜಮುನೆಯ ದಂಡೆಯಲ್ಲಿ ತಮಗೊಂದು ಗುಂಬಜು ಕಟ್ಟಿಸಿ ಇಟ್ಟುಕೊಂಡಿದ್ದರು. ಮಗಳು ಅದರಲ್ಲೇ ಮಲಗಬೇಕು ಎಂದು ಸರದಾರರು ತೀರ್ಮಾನಿಸಿದರು. ಆದರೆ ಆಗ್ರಾ ಎಲ್ಲಿ, ಬುರ್ಹಾನ್‌ಪುರ ಎಲ್ಲಿ. ತಾಯಿಗೆ ಸುದ್ದಿ ಮುಟ್ಟಿ, ಒಬ್ಬರಿಗೆಂದು ಅಳೆದಿದ್ದ ಕೋಣೆಯನ್ನು ಇಬ್ಬರಿಗೆ ಅಗಲಿಸಿ ಅವರು ಬರುವವರೆಗೆ ಹೆಣ ನಮ್ಮ ತೋಟದಲ್ಲಿ ಇರಬೇಕಾಯಿತು.

ಹೀಗೆ ಇಡುವುದಕ್ಕೆ ನಾವು ಅಮಾನತ್ ಅನ್ನುತ್ತೇವೆ. ಸತ್ತವರನ್ನು ಭೂಮಿಗೆ ಕೊಡುವುದು ಬೇರೆ, ಇಡುವುದು ಬೇರೆ. ಕೊಟ್ಟರೆ ಮುಗಿಯಿತು, ಆ ಗೋರಿಯನ್ನು ಮತ್ತೆ ತೆರೆಯುವ ಹಾಗಿಲ್ಲ. ಇಡುವುದಾದರೆ, ಹಲಗೆ ಮುಚ್ಚುವ ಮೊದಲು ಗೋರಿ ಕಾಯುವವನು ತಲೆಯ ಕಡೆ ಬಾಗಿ ಭೂಮಿಗೆ ಮೂರು ಸಲ ಹೇಳಬೇಕು: ಇವಳು ಇಂಥವಳು, ಇಂಥವಳ ಮಗಳು, ನಿನಗೆ ಕೊಟ್ಟದ್ದಲ್ಲ, ಇಟ್ಟದ್ದು, ಇಂಥ ತಿಂಗಳು ಮುಗಿಯುವುದರೊಳಗೆ ಬಂದು ತೆಗೆದುಕೊಳ್ಳುತ್ತೇವೆ. ಹಾಗೆ ಹೆಸರು ಹಿಡಿದು ಹೇಳಿದವರನ್ನು ಭೂಮಿ ಅವಧಿಯವರೆಗೆ ಮುಟ್ಟುವುದಿಲ್ಲ. ನನ್ನ ಅಪ್ಪ ಹೀಗೆ ಇಬ್ಬರನ್ನು ಇಟ್ಟು ತೆಗೆದಿದ್ದ. ಎಂಟು ತಿಂಗಳಾದ ಮೇಲೆ ತೆಗೆದ ಒಬ್ಬ ಮುದುಕನ ಗಡ್ಡದಲ್ಲಿ ಹಾಕಿದ ಅತ್ತರು ಇನ್ನೂ ಘಮಘಮ ಅನ್ನುತ್ತಿತ್ತಂತೆ.

ದೊಡ್ಡ ಮನೆಯ ಹೆಂಗಸರ ಹೆಸರು ಪರಗಂಡಸರ ಕಿವಿಗೆ ಬೀಳಬಾರದು. ಅದಕ್ಕೇ ಸರದಾರರು ನನ್ನನ್ನು ಪಕ್ಕಕ್ಕೆ ಕರೆದು, ಕಿವಿಯ ಹತ್ತಿರ ಬಾಗಿ ಎರಡು ಹೆಸರು ಹೇಳಿದರು, ಮಗಳದ್ದು, ತಾಯಿಯದ್ದು. ಆಗಲೇ ದಂಡಿನ ನಗಾರಿ ಮೊಳಗುತ್ತಿತ್ತು. ನಾನು ಗೋರಿಗೆ ಬಾಗಿ, ತುಟಿ ಮಾತ್ರ ಅಲ್ಲಾಡುವ ಹಾಗೆ ಮೂರು ಸಲ ಹೇಳಿದೆ.

ಹೇಳಿದ್ದು ಹೀಗೆ: "ಇವಳು ಸೋನಾ ಬೀ, ದೌಲತ್ ಬೀಯ ಮಗಳು."

ಸೋನಾ ಬೀ ನನ್ನ ಹೆಂಡತಿ. ಅವಳು ಸತ್ತು ಎರಡು ದಿನವಾಗಿತ್ತು, ಅದೇ ಜ್ವರದಲ್ಲಿ. ತೋಟದ ಪಡುವಣ ಗೋಡೆಯ ಬುಡದಲ್ಲಿ ನಾನೇ ಅಗೆದು ಅವಳನ್ನು ಮಣ್ಣು ಮಾಡಿದ್ದೆ. ಎಲ್ಲರನ್ನೂ ಮಾಡುವ ಹಾಗೆ, ಕೊಟ್ಟದ್ದು, ಇಟ್ಟದ್ದಲ್ಲ. ಮೊದಲ ಎರಡು ಸಲ ಬಾಯಿ ತಾನಾಗಿ ಅವಳ ಹೆಸರು ಹೇಳಿತು. ಮೂರನೆಯ ಸಲ ನನಗೆ ಗೊತ್ತಾಯಿತು. ಗೊತ್ತಾಗಿಯೂ ಅದನ್ನೇ ಹೇಳಿದೆ. ಆಮೇಲೆ ಹಲಗೆ ಮುಚ್ಚಿದೆ. ಸರದಾರರು ಕುದುರೆ ಹತ್ತಿ ಹೋದರು.

ಮುಂದಿನ ದಿನಗಳಲ್ಲಿ ನಾನು ಇದನ್ನು ಯೋಚಿಸಿದೆ ಎಂದು ಹೇಳಲಾರೆ. ಅದು ನನ್ನೊಳಗೆ ಸುಮ್ಮನೆ ಕೂತಿತು. ಭೂಮಿಗೆ ಹೇಳಿದ ಹೆಸರು ಸೋನಾಳದ್ದು. ಅಂದರೆ ರಜಬ್ ಮುಗಿಯುವವರೆಗೆ ಭೂಮಿ ಸೋನಾಳನ್ನು ಮುಟ್ಟುವುದಿಲ್ಲ. ಗೋಡೆಯ ಬುಡದಲ್ಲಿ ಅವಳು ಇದ್ದ ಹಾಗೇ ಇದ್ದಾಳೆ, ಎಡಗೆನ್ನೆಯ ಸಿಡುಬಿನ ಕಲೆಯ ಸಮೇತ. ಹೀಗಿರುವಾಗ ಸತ್ತ ನಲವತ್ತನೆಯ ದಿನ ಹಾಕುವ ನಲವತ್ತರ ಊಟ ಅವಳಿಗೆ ಏಕೆ? ಹಾಕಲಿಲ್ಲ. ಅವಳ ತಂಗಿ ಬಂದು ಬಾಗಿಲಲ್ಲಿ ನಿಂತು ಬೈದಳು, "ಏನ್ ಭಾವಾ, ನಮ್ಮಕ್ಕ ಸತ್ತಿದ್ದಾಳೋ, ತೌರಿಗೆ ಹೋಗಿದ್ದಾಳೋ? ನಾಲ್ಕು ಜನಕ್ಕೆ ಒಂದ್ ಹಿಡಿ ಅನ್ನ ಹಾಕೋಕೂ ಕೈ ಬರಲ್ವಾ ನಿಂಗೆ?" ನಾನು ಕಸಬರಿಕೆ ಎತ್ತಿಕೊಂಡು ತೋಟದ ಕಡೆ ಹೋದೆ. ಅತ್ತೂ ಇರಲಿಲ್ಲ. ಇಟ್ಟದ್ದಕ್ಕೆ ಯಾರಾದರೂ ಅಳುತ್ತಾರೆಯೇ?

ಈಗ ಅವರು ಬಂದಿದ್ದರು.

ಎಲ್ಲರಿಗಿಂತ ಮೊದಲು ಮಂಜಿನಿಂದ ಹೊರಬಂದವನು ಕೈಯಲ್ಲಿ ಗಂಟು ಹಾಕಿದ ಅಳತೆಯ ಹಗ್ಗ ಹಿಡಿದ ಒಬ್ಬ ದಪ್ಪ ಮನುಷ್ಯ, ಮೊಣಕಾಲವರೆಗೆ ಒದ್ದೆ. ಬೇಗಂ ಅವರ ಗುಂಬಜು ಕಟ್ಟಿದ ಮೇಸ್ತ್ರಿ, ಉಸ್ತಾದ್ ಹಶ್ಮತ್.

"ಗೋರಿ ಕಾಯೋನು ನೀನೇನಾ? ಏನ್ ಊರಯ್ಯಾ ಇದು, ನದಿ ಎಲ್ಲಿ ಶುರುವಾಗುತ್ತೆ ದಡ ಎಲ್ಲಿ ಮುಗಿಯುತ್ತೆ ಗೊತ್ತಾಗಲ್ಲ. ಎತ್ತು ಎರಡು ಸಲ ನನ್ನನ್ನೇ ದಡ ಅಂದ್ಕೊಂಡು ಹತ್ತೋಕೆ ಬಂತು."

ಹಾಫಿಜ್ ಸಾಹೇಬರು ನಕ್ಕರು. ಉಸ್ತಾದ್ ಕೂರದೆ ಗೋರಿಯ ಉದ್ದಕ್ಕೆ ಹಗ್ಗ ಹಿಡಿದ.

"ಅಲ್ಲಿ ಗುಂಬಜಿನ ನೆಲಮಾಳಿಗೆಗೆ ಇಳಿಯೋ ದಾರಿ ಒಂದೂವರೆ ಮೊಳ ಅಗಲ, ನಡುವೆ ಒಂದು ತಿರುವು," ಅಂದ. "ಪೆಟ್ಟಿಗೆ ಒಂದ್ ಬೆರಳು ಹೆಚ್ಚಾದ್ರೂ ತಿರುವಿನಲ್ಲಿ ಸಿಕ್ಕಿಹಾಕ್ಕೊಳುತ್ತೆ. ಬೇಗಂ ಅವರ ಮುಂದೆ ಹಂಗಾಯ್ತು ಅಂದ್ರೆ ಅದೇ ಕೋಣೇಲಿ ನನಗೂ ಜಾಗ ಮಾಡ್ತಾರೆ. ಅದಕ್ಕೇ ಇಲ್ಲೇ ಅಳ್ಕೊಂಡು, ಇಲ್ಲೇ ಪೆಟ್ಟಿಗೆ ಮುಗಿಸ್ಕೊಂಡು ಹೋಗೋಣ ಅಂತ ನಾನೇ ಬಂದೆ."

"ಅಷ್ಟು ಇಕ್ಕಟ್ಟು ಯಾಕೆ ಮಾಡಿದ್ರಿ?"

"ಅದು ಬಂದು ಹೋಗೋ ದಾರಿನಾ? ಒಂದ್ ಸಲ ಇಳಿಯೋದು ಅಷ್ಟೆ. ಇಳಿಸಿದ ಮೇಲೆ ನಾನೇ ಇಟ್ಟಿಗೆ ಕಟ್ಟಿ ಮುಚ್ಚಿ, ಗಾರೆ ಬಳಿದು, ಮೇಲೆ ಮಣ್ಣು ಎಳೆದು ಹುಲ್ಲು ನಾಟ್ತೀನಿ. ಮಾರನೇ ದಿನ ನನ್ನನ್ನೇ ನಿಲ್ಲಿಸಿ ಬಾಗಿಲು ಎಲ್ಲಯ್ಯಾ ಅಂದ್ರೂ ಗೊತ್ತಾಗಬಾರ್ದು."

"ಮುಂದೆ ಬೇಗಂ ಅವರನ್ನ ಇಳಿಸೋವಾಗ?" ಹಾಫಿಜ್ ಸಾಹೇಬರು ಕೇಳಿದರು.

"ಆಗ ಒಡೀಬೇಕು. ನಾನು ಇದ್ರೆ ನಾನು, ಇಲ್ಲದಿದ್ರೆ ನನ್ನ ಮಗ. ಅವರು ನನಗಿಂತ ಗಟ್ಟಿ ಇದಾರೆ ಬಿಡಿ." ಅವನು ದನಿ ತಗ್ಗಿಸಿದ. "ಮೇಲೆ, ಗುಂಬಜಿನೊಳಗಿನ ಗೋರಿ ಕಲ್ಲು ನೀವು ನೋಡ್ಬೇಕಿತ್ತು. ಬೆಣ್ಣೆ ಹಂಗಿರೋ ಬಿಳಿ ಕಲ್ಲು. ಹೆಂಗಸಿನ ಗೋರಿ ಅನ್ನೋ ಗುರುತಿಗೆ ಮೇಲೆ ಬರೆಯೋ ಹಲಗೆ ಕೆತ್ತಿದ್ದೀವಿ. ಗಂಡಸಿಗಾದ್ರೆ ಲೇಖನಿ ಪೆಟ್ಟಿಗೆ ಇಡ್ತೀವಲ್ಲ, ಹಂಗೆ. ಜನ ಬಂದು ಅದರ ಮುಂದೆ ಕೈ ಎತ್ತಿ ಓದ್ತಾರೆ, ಹೂವಿನ ಚಾದರ ಹೊದಿಸ್ತಾರೆ. ಒಳಗೆ ಏನಿದೆ? ಗಾರೆ, ಕಲ್ಲುಚೂರು."

"ಅಂದ್ರೆ ಸುಳ್ಳು ಗೋರಿ," ಅಂದೆ ನಾನು.

"ಥೂ, ಬಾಯಿ ತೊಳ್ಕೊ. ಸುಳ್ಳಲ್ಲ, ಪರದೆ. ಬದುಕಿದ್ದಾಗ ಮುಖ ತೋರಿಸದವಳು ಸತ್ತ ಮೇಲೆ ಕಂಡಕಂಡವರ ಕಣ್ಣಿಗೆ ಬೀಳಬೇಕಾ? ಅವಳು ಇರೋದು ಅದರ ನೇರ ಕೆಳಗೆ, ಹನ್ನೆರಡು ಮೊಳ ಆಳದಲ್ಲಿ. ಅಲ್ಲಿ ಚಿತ್ತಾರ ಇಲ್ಲ, ಹೆಸರಿಲ್ಲ, ನೆಲಕ್ಕೆ ಕಲ್ಲೂ ಹಾಸಿಲ್ಲ. ಬರೀ ಮಣ್ಣು. ಅರಮನೆ ಕಟ್ಟಿದ್ರೂ ಕೊನೆಗೆ ಮಲಗೋದು ಮಣ್ಣಿನ ಮೇಲೇ ಆಗ್ಬೇಕು."

ಹೀಗೆಂದು ಅವನು ತನ್ನ ಬಡಗಿಗಳ ಕಡೆ ಹೋದ. ಮಂಜಿನಲ್ಲಿ ಒಂದೊಂದಾಗಿ ಗಾಡಿಗಳು ಮೂಡಿದವು. ಕೊನೆಯಲ್ಲಿ ಎಂಟು ಜನ ಹೊತ್ತ ಮುಚ್ಚಿದ ಪಲ್ಲಕ್ಕಿ ಬಂತು. ಅದನ್ನು ನೇರಳೆ ಮರದ ಕೆಳಗೆ ಇಳಿಸಿದರು. ಬೇಗಂ ಅವರ ಮುದಿ ದಾಸಿ, ಊರುಗೋಲಿನವಳು, ನನ್ನ ಹತ್ತಿರ ಬಂದಳು.

"ಅಮ್ಮಾವರು ಊರು ಬಿಟ್ಟಾಗಿಂದ ಒಂದು ಹೊತ್ತು ಮಾತ್ರ ಊಟ ಮಾಡ್ತಿದ್ದಾರೆ. ನಿನ್ನೆಯಿಂದ ಅದೂ ಇಲ್ಲ. ಬೇಗ ಅಗೆಯೋಕೆ ಶುರು ಮಾಡಪ್ಪಾ."

ನಾನು ಸಲಿಕೆ ತೆಗೆದುಕೊಂಡೆ. ಗೋರಿಯ ಕಾಲ ಕಡೆ ನಿಂತೆ. ಸಲಿಕೆ ನೆಲಕ್ಕೆ ತಾಗಿತು, ಆದರೆ ಕೈ ಅದನ್ನು ಒತ್ತಲಿಲ್ಲ. ಇದು ಇಟ್ಟ ಗೋರಿಯಲ್ಲ. ಇದಕ್ಕೆ ಹೇಳಬೇಕಾದ ಹೆಸರು ಹೇಳಿಲ್ಲ. ಹೇಳದ ಗೋರಿಯನ್ನು ತೆರೆಯುವುದು ನಾನು ಹುಟ್ಟಿದಾಗಿನಿಂದ ಮಾಡಬಾರದೆಂದು ಕಲಿತದ್ದು. ಹೆದರಿಕೆಯೂ ಆಗಲಿಲ್ಲ. ಬಾವಿಯೊಳಗೆ ಬಗ್ಗಿ ನೋಡಿದರೆ ನೀರು ಕಾಣದಿದ್ದ ಹಾಗೆ ಇತ್ತು ಒಳಗೆ.

ಸಲಿಕೆ ಊರಿಟ್ಟು, ಹಾಫಿಜ್ ಸಾಹೇಬರನ್ನು ಬಾವಿಕಟ್ಟೆಯ ಮರೆಗೆ ಕರೆದು ಎಲ್ಲ ಹೇಳಿದೆ.

ಅವರು ಹಣೆ ಬಡಿದುಕೊಂಡರು. "ಅಯ್ಯೋ ಕತ್ತೆ! ಹನ್ನೊಂದು ತಿಂಗಳು ದಿನಾ ನನ್ನ ಪಕ್ಕದಲ್ಲೇ ಕಸ ಗುಡಿಸ್ತಾ ಇದ್ಯಲ್ಲೋ! ಒಂದು ದಿನ ಬಾಯಿ ಬಿಡೋಕೆ ಆಗ್ಲಿಲ್ವಾ?"

"ಬಿಡ್ಬೇಕು ಅನ್ನಿಸ್ಲಿಲ್ಲ."

"ಅನ್ನಿಸ್ಲಿಲ್ಲ ಅಂತೆ." ಅವರು ಬೆರಳಿನಲ್ಲಿ ಜಪಮಣಿ ಉರುಳಿಸಿದರು. ಆಮೇಲೆ ಅವರ ದನಿ ಬದಲಾಯಿತು. "ನೋಡು, ಮಾತು ಕೇಳೋದು ಮಣ್ಣಲ್ಲ ಕಣೋ. ಮಣ್ಣಿನ ಒಡೆಯ. ಸರದಾರರು ಮನಸ್ಸಿನಲ್ಲಿ ತಮ್ಮ ಹೆಂಡ್ತೀನ ಇಟ್ಟು ಹೋದ್ರು. ಅಷ್ಟು ಸಾಕು. ನೀನು ಬಾಯಲ್ಲಿ ನಿಮ್ಮಜ್ಜಿ ಹೆಸರು ಹೇಳಿದ್ರೂ ಅವನಿಗೆ ಗೊತ್ತಿರುತ್ತೆ, ಯಾರ ಮಾತು ಅಂತ. ಬಾಯಿ ಮುಚ್ಕೊಂಡು ಅಗೆ. ಪಾಪ ಇದ್ರೆ ನನ್ನ ತಲೆ ಮೇಲೆ ಇರ್ಲಿ, ನಾಳೆಯೋ ನಾಡಿದ್ದೋ ಹೆಂಗೂ ಹೋಗೋ ತಲೆ."

"ಹಂಗಾದ್ರೆ ಸೋನಾ?"

ಅವರು ನನ್ನ ಮುಖ ನೋಡಿದರು. ನಲವತ್ತರ ಊಟ ಏಕೆ ಹಾಕಲಿಲ್ಲ ಎಂಬುದು ಅವರಿಗೆ ಆಗ ತಿಳಿಯಿತು ಎಂದು ಕಾಣುತ್ತದೆ.

"ಸೋನಾನ ನೀನು ಕೊಟ್ಟಿದ್ದೀಯ ಮಗನೇ," ಅಂದರು. "ಅದಕ್ಕೆ ಎರಡು ದಿನ ಮುಂಚೇನೇ."

"ನೀವು ಹೇಳೋದೇ ಸರಿ ಅಂತ ಹೆಂಗೆ ಗೊತ್ತಾಗುತ್ತೆ?"

"ಅಗೆದ್ರೆ ಗೊತ್ತಾಗುತ್ತೆ."

ನಿಜ. ಒಂದು ಗೋರಿ ತೆರೆದರೆ ಎರಡರ ಸುದ್ದಿ ತಿಳಿಯುತ್ತಿತ್ತು. ಆ ಹೆಣ್ಣುಮಗಳು ಇಟ್ಟ ಹಾಗೇ ಇದ್ದರೆ ಭೂಮಿ ಹೆಸರು ಕೇಳಿಲ್ಲ, ಮನಸ್ಸು ಕೇಳಿದೆ, ಸೋನಾ ಹೋದಳು. ಮಣ್ಣಾಗಿದ್ದರೆ ಸೋನಾ ಇದ್ದಾಳೆ. ತಾಯಿ ನೂರೈವತ್ತು ಹರದಾರಿ ಬಂದು ಬರಿಗೈಯಲ್ಲಿ ಹೋಗುತ್ತಾಳೆ. ಯಾವುದು ಆಗಲಿ ಎಂದು ನಾನು ಬೇಡಿಕೊಳ್ಳಬೇಕಿತ್ತು? ಪ್ರಾರ್ಥನೆಗೆ ಕೈ ಎತ್ತುವುದಕ್ಕೂ ಆಗಲಿಲ್ಲ.

ಬಾಯಿ ಮುಚ್ಚಿಕೊಂಡು ಅಗೆಯುವುದೂ ಆಗಲಿಲ್ಲ. ನನ್ನ ಕೈಗೆ ಒಪ್ಪಿಸಿದ್ದು ಅವರ ಮಗಳನ್ನು. ಏನಾಗಿದೆ ಎಂದು ಅವರಿಗೆ ತಿಳಿದ ಮೇಲೆ ತೆರೆಯಲಿ. ಹಾಗೆಂದು ಪಲ್ಲಕ್ಕಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಮೊಣಕಾಲೂರಿ, ನೆಲ ನೋಡುತ್ತ, ಹೆಸರು ತಪ್ಪಿದ್ದನ್ನೂ ಮೂರನೆಯ ಸಲ ಗೊತ್ತಿದ್ದೇ ಹೇಳಿದ್ದನ್ನೂ ಬೇಗಂ ಅವರಿಗೆ ಹೇಳಿದೆ.

ದಾಸಿ ಊರುಗೋಲು ಎತ್ತಿಕೊಂಡು ಬಂದಳು. "ಹಾಳಾದವನೇ! ನಿನ್ನ ಕೈ ಸೇದಿಹೋಗ! ನಮ್ಮ ಮಗೂನ ಹೆಸರಿಲ್ಲದೆ ಹೂತಿದ್ದೀಯಾ?"

"ಸುಮ್ನಿರೇ," ಅಂತು ಪಲ್ಲಕ್ಕಿಯ ಒಳಗಿನಿಂದ ಒಂದು ದನಿ. ಒಣ ದನಿ, ಎತ್ತರವೂ ಇಲ್ಲ, ತಗ್ಗೂ ಇಲ್ಲ. "ಯಾರ ಹೆಸರು ಹೇಳ್ದೆ?"

"ನನ್ನ ಹೆಂಡ್ತೀದಮ್ಮಾ."

"ಸತ್ತು ಎಷ್ಟು ದಿನ ಆಗಿತ್ತು?"

"ಎರಡು."

"ಎರಡು ದಿನ ಆಗಿತ್ತು, ಅಂಥವನ ಕೈಲಿ ನಮ್ಮ ಅಳಿಯ ಈ ಕೆಲಸ ಮಾಡಿಸಿದ. ಅವನಿಗೆ ಕುದುರೆ ಬಿಟ್ರೆ ಇನ್ನೇನೂ ಕಾಣಲ್ಲ." ಆಮೇಲೆ ಕೇಳಿದರು, "ಆವತ್ತು ಅಳ್ತಿದ್ಯಾ?"

"ಇಲ್ಲಮ್ಮಾ."

"ಆಮೇಲೆ?"

"ಇಲ್ಲ. ಇವತ್ತಿಗೂ ಇಲ್ಲ."

"ನಾನೂ ಇಲ್ಲ," ಅಂದರು ಬೇಗಂ. "ಸುದ್ದಿ ಬಂದಾಗ ದಾಳಿಂಬೆ ಬಿಡಿಸ್ತಾ ಇದ್ದೆ. ಪೂರ್ತಿ ಬಿಡಿಸಿ ಮುಗಿಸ್ದೆ. ಆಮೇಲೆ ಆ ಕೋಣೆ ಅಗಲ ಮಾಡಿಸೋದು, ಕಲ್ಲು ಬಂತಾ, ಗಾರೆ ಒಣಗ್ತಾ, ಇದೇ ಆಯ್ತು." ಒಳಗೆ ಬಳೆ ಸದ್ದಾಯಿತು. "ಪಲ್ಲಕ್ಕಿ ಎತ್ತಿ. ಗೋರಿಯ ತಲೆ ಕಡೆ ಇಳಿಸಿ."

ಬೋವಿಗಳು ಎತ್ತಿ ಇಳಿಸಿದರು. ಹಾಫಿಜ್ ಸಾಹೇಬರು ಎದ್ದು ನಿಂತರು. ಏನಾಗುತ್ತಿದೆ ಎಂದು ಉಸ್ತಾದ್ ಹಶ್ಮತ್ ಬಡಗಿಗಳನ್ನು ಬಿಟ್ಟು ಬಂದ.

ಪಲ್ಲಕ್ಕಿಯ ಪರದೆ ತುಸು ಅಲ್ಲಾಡಿತು. ಒಂದು ಮುದಿ ಕೈ ಹೊರಗೆ ಬಂದು ನೆಲ ಮುಟ್ಟಿತು. ಆಮೇಲೆ ಬೇಗಂ ತೋಟದಲ್ಲಿದ್ದ ಅಷ್ಟೂ ಗಂಡಸರಿಗೆ ಕೇಳುವ ಹಾಗೆ ಮಾತಾಡಿದರು.

"ಭೂಮೀ, ಕೇಳು. ನಾನು ಶರಫುನ್ನಿಸಾ. ಇವಳು ನನ್ನ ಮಗಳು ಮೆಹ್ರುಖ್."

ಬೋವಿಗಳು ತಲೆ ತಗ್ಗಿಸಿದರು. ಉಸ್ತಾದ್ ಎರಡೂ ಕಿವಿಗೆ ಬೆರಳಿಟ್ಟುಕೊಂಡ.

"ಇವನು ಹೆಸರು ತಪ್ಪು ಹೇಳ್ದ. ಹೇಳಿದ್ದು ತಪ್ಪು, ಇಟ್ಟಿದ್ದು ತಪ್ಪಲ್ಲ. ಅವಧಿಗೆ ಇನ್ನೂ ಮೂರು ದಿನ ಇದೆ, ನಾನು ಕರ್ಕೊಂಡು ಹೋಗೋಕೆ ಬಂದಿದ್ದೀನಿ. ಇದ್ರೆ ಕೊಡು. ಇಲ್ಲದಿದ್ರೆ…" ಬೇವಿನ ಹನಿ ತೊಟ್ಟಿಕ್ಕುವುದು ಕೇಳುತ್ತಿತ್ತು. "ಇಲ್ಲದಿದ್ರೂ ಕೊಡು. ಎಷ್ಟು ಉಳಿದಿದೆಯೋ ಅಷ್ಟು."

ಕೈ ಒಳಗೆ ಹೋಯಿತು.

"ಅಗೆಯಪ್ಪಾ," ಅಂದರು.

ಅಗೆದೆ. ಮೇಲಿನ ಒಂದು ಮೊಳ ಮಂಜಿಗೆ ನೆನೆದು ಅಂಟುತ್ತಿತ್ತು, ಕೆಳಗೆ ಮರಳು ಬೆರೆತ ಒಣ ಮಣ್ಣು. ನನ್ನ ಕೈಯೇ ಹಾಕಿದ ಮಣ್ಣು, ಕೈಗೆ ಗುರುತು ಹತ್ತಿತು. ಸಲಿಕೆ ತೇಗದ ಹಲಗೆಗೆ ತಾಗಿದಾಗ ಟಕ್ ಎಂದು ಸದ್ದಾಯಿತು. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ನಾನು ಮೇಲೆ ಹತ್ತಿದೆ. ಬೇಗಂ ಅವರ ಅಂತಃಪುರ ಕಾಯುವ ನಪುಂಸಕರು, ಇಬ್ಬರು ಖೋಜಾಗಳು, ಸುತ್ತಲೂ ಬಿದಿರು ನೆಟ್ಟು ಪರದೆ ಕಟ್ಟಿ ಒಳಗಿಳಿದರು. ಬೇಗಂ ದಾಸಿಯ ಹೆಗಲು ಹಿಡಿದು ಪಲ್ಲಕ್ಕಿಯಿಂದ ಪರದೆಯೊಳಗೆ ಹೋದದ್ದು ಬಟ್ಟೆಯ ಸರಸರ ಸದ್ದಿನಿಂದ ತಿಳಿಯಿತೇ ಹೊರತು ನಾವ್ಯಾರೂ ಆ ಕಡೆ ನೋಡಲಿಲ್ಲ. ಗಂಡಸರೆಲ್ಲ ಬೆನ್ನು ತಿರುಗಿಸಿ ನಿಂತೆವು. ನನ್ನ ಮುಖ ಪಡುವಣ ಗೋಡೆಯ ಕಡೆ ಇತ್ತು. ಮಂಜು ತೆಳುವಾಗುತ್ತಿತ್ತು. ಗೋಡೆಯ ಬುಡದಲ್ಲಿ ಸೋನಾಳ ಮಣ್ಣಿನ ಗುಡ್ಡೆ ಕಾಣಿಸಿತು. ಹನ್ನೊಂದು ತಿಂಗಳಲ್ಲಿ ಅದು ಅರ್ಧ ಕುಸಿದು, ಕಾಲ ಕಡೆ ಗರಿಕೆ ಹಬ್ಬಿತ್ತು. ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಹಿಂದೆ ಹಲಗೆ ಎತ್ತುವ ಸದ್ದು. ಒಂದು. ಎರಡು. ಆರು ಹಲಗೆ ಹಾಕಿದ್ದೆ. ಆರನೆಯದು ಎತ್ತಿದ ಮೇಲೆ ಏನೂ ಕೇಳಿಸಲಿಲ್ಲ. ಯಾರೂ ಕಿರುಚಲಿಲ್ಲ, ಯಾರೂ ಮೂಗು ಮುಚ್ಚಿಕೊಂಡು ಹೊರಗೆ ಓಡಿ ಬರಲಿಲ್ಲ. ಹಾಫಿಜ್ ಸಾಹೇಬರ ಜಪಮಣಿ ನಿಂತಿತ್ತು.

ಆಮೇಲೆ ಬೇಗಂ ಅವರ ದನಿ ಬಂತು, ಪಕ್ಕದ ಕೋಣೆಯಲ್ಲಿ ಮಲಗಿದ ಮಗುವನ್ನು ನೋಡಿ ಬಂದವರು ಹೇಳುವ ಹಾಗೆ, ಮೆಲ್ಲಗೆ.

"ಇದ್ದಾಳೆ."

ದಾಸಿ ಜೋರಾಗಿ ಅಳತೊಡಗಿದಳು. "ಹೆಂಗಿಟ್ಟಿದ್ರೋ ಹಂಗೇ ಇದ್ದಾಳಲ್ಲಮ್ಮಾ, ನಮ್ಮಪ್ಪನಾಣೆ, ಹಂಗೇ ಇದ್ದಾಳಲ್ಲಾ…"

ಇಟ್ಟ ಹಾಗೇ ಇದ್ದಳೋ, ತಾಯಿಯ ಕಣ್ಣಿಗೆ ಹಾಗೆ ಕಂಡಳೋ, ನಾನು ನೋಡಿದವನಲ್ಲ. ನೋಡುವ ಹಕ್ಕೂ ನನಗಿರಲಿಲ್ಲ. ಆದರೆ ಗೋರಿ ಕಾಯುವವನು ದನಿಗಳನ್ನು ಬಲ್ಲ. ಮಣ್ಣನ್ನು ಕಂಡವರು ಹಾಗೆ ಹೇಳುವುದಿಲ್ಲ. ಹಾಫಿಜ್ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟರು. ಒಳ್ಳೆಯ ಸುದ್ದಿಗೂ ಕೆಟ್ಟ ಸುದ್ದಿಗೂ ಅವರು ಇಡುವುದು ಅದೇ ಕೈ. ಆವತ್ತು ಎರಡೂ ಇದ್ದವು.

ಉಸ್ತಾದ್ ಪೆಟ್ಟಿಗೆ ಮುಗಿಸುವ ಹೊತ್ತಿಗೆ ಬಿಸಿಲು ಬಂದಿತ್ತು. ಆಚೆ ದಡದ ಕೋಟೆ, ಅದರ ಕೆಳಗೆ ಬಟ್ಟೆ ಒಗೆಯುವವರು, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಖೋಜಾಗಳು ಪೆಟ್ಟಿಗೆಯನ್ನು ಕರ್ಪೂರ ತುಂಬಿದ ಗಾಡಿಗೆ ಏರಿಸಿದರು. ಉಸ್ತಾದ್ ಸುತ್ತಲೂ ಹಗ್ಗ ಬಿಗಿದ, ಬಿಚ್ಚಿದ, ಮತ್ತೆ ಬಿಗಿದ.

"ತಿರುವಿನಲ್ಲಿ ಹೋಗುತ್ತಾ?" ಎಂದು ಕೇಳಿದೆ. ಏನಾದರೂ ಕೇಳಬೇಕಲ್ಲ.

"ನೀರು ಹರಿದಂಗೆ ಹೋಗುತ್ತೆ," ಅಂದ. ಅವನ ಕಣ್ಣು ಕೆಂಪಾಗಿದ್ದವು. "ಬಹಳ ಸಣ್ಣ ಹುಡುಗಿ ಕಣಯ್ಯಾ. ನಾನು ಸುಮ್ನೆ ಹೆದರಿದ್ದೆ."

ಪಲ್ಲಕ್ಕಿ ಎತ್ತುವ ಮೊದಲು ದಾಸಿ ನನ್ನನ್ನು ಕರೆದಳು. ಈಗ ಅವಳ ಊರುಗೋಲು ನೆಲದ ಮೇಲೇ ಇತ್ತು.

"ಬುಂದೂ ಮಿಯಾ," ಅಂತು ಒಳಗಿನ ದನಿ. ನನ್ನ ಹೆಸರನ್ನು ಅವರು ಯಾರಿಂದಲೋ ಕೇಳಿ ತಿಳಿದಿದ್ದರು. "ನಿನ್ನ ಹೆಂಡ್ತಿ ಹೆಸರಿನಲ್ಲಿ ನನ್ನ ಮಗಳು ಹನ್ನೊಂದು ತಿಂಗಳು ಮಲಗಿದ್ಳು. ಜಮುನಾ ದಂಡೇಲಿ ಅವಳ ಕಲ್ಲಿನ ಮುಂದೆ ದಿನಾ ನಾಲ್ಕು ಜನ ಓದ್ತಾರೆ. ಮುಗಿಸೋವಾಗ ನಮ್ಮ ಮನೇಲಿ ತೀರಿಹೋದವರ ಹೆಸರೆಲ್ಲ ಹೇಳ್ತಾರೆ. ನಿನ್ನವಳ ಹೆಸರನ್ನೂ ಅದರಲ್ಲಿ ಸೇರಿಸ್ತೀನಿ. ಹೇಳು. ಈ ಸಲ ಸರಿಯಾಗಿ ಹೇಳು."

ತೀರಿಹೋದವರ ಹೆಸರು.

"ಸೋನಾ ಬೀ," ಅಂದೆ. "ದೌಲತ್ ಬೀಯ ಮಗಳು."

"ಸೋನಾ ಬೀ, ದೌಲತ್ ಬೀಯ ಮಗಳು," ಎಂದು ಅವರು ಒಳಗೆ ಮೆಲ್ಲಗೆ ಹೇಳಿಕೊಂಡರು, ಮರೆಯದಿರಲು. ಪಲ್ಲಕ್ಕಿ ಎದ್ದಿತು.

ಅವರು ನದಿ ಹಾಯ್ದು ಹೋಗುವವರೆಗೆ ನಾನು ಅಲ್ಲೇ ನಿಂತಿದ್ದೆ. ಹಾಫಿಜ್ ಸಾಹೇಬರು ಮಧ್ಯಾಹ್ನದ ನಮಾಜಿಗೆ ಕೈಕಾಲು ತೊಳೆಯಲು ಬಾವಿಯ ಕಡೆ ಹೋದರು. ಬರಿದಾದ ಗುಂಡಿಯ ಪಕ್ಕದಲ್ಲಿ ನಾನು ಎತ್ತಿಹಾಕಿದ ಮಣ್ಣು ರಾಶಿ ಬಿದ್ದಿತ್ತು. ಅದನ್ನು ಮತ್ತೆ ಮುಚ್ಚಬೇಕು. ಸಲಿಕೆ ಹಿಡಿದೆ, ಆಮೇಲೆ ಬಿಟ್ಟೆ.

ಮಣ್ಣು ಮಾಡಲು ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕಿ ಹೋಗುವುದು ನಮ್ಮ ಪದ್ಧತಿ. ಸೋನಾಳಿಗೆ ಅವಳ ತಂಗಿಯ ಗಂಡ ಹಾಕಿದ, ಹಾಫಿಜ್ ಸಾಹೇಬರು ಹಾಕಿದರು, ನೇಕಾರರ ಕೇರಿಯವರು ಹಾಕಿದರು. ಅಗೆದದ್ದು ನಾನು, ಮುಚ್ಚಿದ್ದು ನಾನು. ಸಲಿಕೆಯಲ್ಲಿ ಎಷ್ಟು ಮಣ್ಣು ಎಳೆದೆನೋ. ಆದರೆ ಗಂಡನಾಗಿ ನಾನು ಹಾಕಬೇಕಾಗಿದ್ದ ಮೂರು ಹಿಡಿ ಹಾಕಿರಲಿಲ್ಲ. ಯಾರೂ ನೆನಪಿಸಿರಲಿಲ್ಲ. ಗೋರಿ ಅಗೆಯುವವನಿಗೆ ಯಾರು ನೆನಪಿಸುತ್ತಾರೆ?

ಗೋಡೆಯ ಬುಡಕ್ಕೆ ಹೋದೆ. ಕುಸಿದ ಗುಡ್ಡೆಯ ತಲೆಯ ಕಡೆ ಕೂತೆ. ಬಾಗಿ, ತುಟಿ ಮಾತ್ರ ಅಲ್ಲಾಡುವ ಹಾಗೆ ಹೇಳಿದೆ, "ಇವಳು ಸೋನಾ ಬೀ, ದೌಲತ್ ಬೀಯ ಮಗಳು. ಇಟ್ಟದ್ದಲ್ಲ, ಕೊಟ್ಟದ್ದು." ಪಕ್ಕದ ಮಣ್ಣನ್ನು ಕೈಯಲ್ಲೇ ಕೆದಕಿ ಒಂದು ಹಿಡಿ ತೆಗೆದುಕೊಂಡು ಅವಳ ಮೇಲೆ ಹಾಕಿದೆ. ಎರಡನೆಯದು ಹಾಕಿದೆ. ಮೂರನೆಯ ಹಿಡಿ ಬಹಳ ಹೊತ್ತು ಕೈಯಲ್ಲಿತ್ತು. ಆಮೇಲೆ ಅದನ್ನೂ ಹಾಕಿದೆ.